ಗಾಜಿನೊಳಗಿನ ಹಮಾಲಿ

ಯಜಮಾನ್ರ… ಎಮ್ಮಿ ಯಜಮಾನ್ರ, ಒಂಚೂರು ನಿಲ್ರಿ. ಸಿರುಗುಪ್ಪಕ್ಕ ಇದೇ ದಾರಿ ಏನ್ರಿ? ಕುರುಗೋಡು ಬಿಟ್ಟು ಅರ್ಧ ತಾಸಿನ ಮ್ಯಾಲಾತು. ಕಾಲುವಿ ಮೊದಲು ಎಡಕ್ಕಿತ್ತು, ಈಗ ಬಲಕ್ಕ ಬಂದೈತಿ. ಈ ಫೋನಿನ ನಕ್ಷೆ ನೋಡಿದ್ರ ನಾನು ಭತ್ತದ ಗದ್ದ್ಯಾಗ ಈಸಾಕತ್ತೀನಿ… ಹಿಂದಕ್ಕ ಹೋಗ್ಬೇಕಾ? ಸೇತುವಿ ದಾಟಿ, ಪಂಪ್‌ಸೆಟ್ ಮನಿ ಹತ್ರ ಎಡಕ್ಕ. ಎಡಕ್ಕ ಅಂತೀರಿ, ಬಲಗೈ ತೋರಸ್ತೀರಿ… ಬಲಕ್ಕ. ಆತು, ನಿಮ್ಮ ಕೈನ ನಂಬ್ತೀನಿ. ಏನಂದ್ರಿ? ಪಕ್ಕದಾಗ ಕುಂತಾಕೀನ್ನ ಕೇಳಿದ್ರ ಆಗ್ತಿತ್ತಾ? ನಿಮಗ ಪರಿಚಯ ಏನ್ರಿ ಆಕಿ… ಹೌದ್ರಿ, ಮಿಲ್ಲಿನ ಯರ್ರಿಸ್ವಾಮಿ ಹೆಂಡ್ತಿ. ಆಕಿನ. ಬರ್ತೀವ್ರಿ, ಪಕ್ಕೀರಪ್ಪ. ಕೇಳಿದ್ದಕ್ಕ ಹೆಸರೂ ಹೇಳಿದ್ರಿ, ದೊಡ್ಡ ಮನಸು.

ಜಡೆಮ್ಮ, ನಿಮಗ ದಾರಿ ಗೊತ್ತಿತ್ತು.

ಗೊತ್ತಿದ್ದೂ ಸುಮ್ನ ಕುಂತ್ರಿ. ನಾನು ಕಾಲುವಿ ಸುತ್ತ ಗಾಣದೆತ್ತಿನಂಗ ತಿರುಗಿದ್ದು ನೋಡಿದ್ರಿ. ಕೈರೋದಾಗ, ಲೀಮಾದಾಗ, ಭಾಷೆ ಬರದ ಊರಾಗೆಲ್ಲ ದಾರಿ ಕೇಳ್ಕೊಂಡು ಮನಿ ಮುಟ್ಟಿದಾಕಿ ನಾನು. ಹುಟ್ಟಿದ ಜಿಲ್ಲಾದಾಗ ತಪ್ಪಿಸಿಕೊಂಡೆ, ಅದೂ ದಾರಿ ಗೊತ್ತಿದ್ದಾಕೀನ್ನ ಮಗ್ಗಲಾಗ ಕುಂದ್ರಿಸಿಕೊಂಡು. ಯಾಕ ನಗ್ತೀರಿ? ನಗ್ಲಿಲ್ಲಾ… ಬಿಡ್ರಿ, ನನಗ ಹಂಗ ಕಾಣಿಸ್ತು.

ಮಧ್ಯಾಹ್ನ ಬಳ್ಳಾರಿ ಪಾರ್ವತಿನಗರದಾಗ ಕಾರು ಹತ್ತುವಾಗ ಒಂದ ಒಂದು ಮಾತು ಕೇಳಿದ್ರಿ. "ಅವತ್ತು ನಮ್ಮಾತನ ಕಾಲು ಯಾಕ ತಪ್ಪಿತು?" ನನಗ ಗೊತ್ತಿಲ್ಲ ಅಂದೆ. ಅಲ್ಲಿಂದ ನೀವು ಬಾಯಿ ಬಿಟ್ಟಿಲ್ಲ. ಗೊತ್ತಿಲ್ದಿದ್ರ ಗೊತ್ತಿಲ್ಲ ಅನ್ನಬೇಕಲ್ಲ? ಎರಡು ವರ್ಷದ ಹಿಂದಿನ ಮಾತು. ಚೀಲ ಹೊತ್ತು ಹಲಗಿ ಏರುವಾಗ ಅವ ಬಿದ್ದು ಜೀವ ಬಿಟ್ಟದ್ದು ಮಿಲ್ಲಿನಾಗ. ಆ ಹೊತ್ತಿಗೆ ನಾನು ಇಸ್ತಾಂಬುಲ್ ವಿಮಾನ ನಿಲ್ದಾಣದಾಗ ಕುಂತು ಕಹಿ ಕಾಫಿ ಕುಡೀತಿದ್ದೆ. ನನಗ ಹೆಂಗ ಗೊತ್ತಾಗಬೇಕು? ಕುಡಿದಿದ್ದ ಅಂತ ಮಿಲ್ಲಿನ ಮಂದಿ ಅಂದ್ರು, ಆ ಮಾತು ತಡೀಲಾರದ ನೀವು ಸಿರುಗುಪ್ಪ ಬಿಟ್ಟು ಬಳ್ಳಾರಿ ಸೇರಿದ್ರಿ, ಕಂಡವರ ಮನ್ಯಾಗ ರೊಟ್ಟಿ ಬಡೀತೀರಿ… ಇಷ್ಟು ನನಗ ಗೊತ್ತೈತಿ. ಇಷ್ಟ ಗೊತ್ತಿರೋದು.

ನಾಕಕ್ಕ ಚಹಾದ ಹೊತ್ತಿಗೆ ಮಿಲ್ಲು ಮುಟ್ಟಬೇಕು. ಪಾಲಯ್ಯ ಮೇಸ್ತ್ರಿಗೆ ಹೇಳೀನಿ, ತಂಡದವರ್ನೆಲ್ಲ ಕುಂದ್ರಿಸಿರ್ತಾನ. ನಿಮ್ಮದ ಷರತ್ತು ಅದು: "ಹ್ಞೂಂ ಅಂದ್ರೂ ಊಹ್ಞೂಂ ಅಂದ್ರೂ ತಂಡದ ಮುಂದ ಅಂತೀನಿ." ಹಮಾಲರ ರೂಢಿ ನನಗ ಗೊತ್ತು, ಮೂಲ್ಯಾಗ ನಿಂತು ಆಡಿದ್ದು ಅಲ್ಲಿ ಮಾತಲ್ಲ. ಇವತ್ತು ಶುಕ್ರವಾರ. ಸೋಮವಾರ ನಮ್ಮ ಕಂಪನಿಯ ಈ ವಿಡಿಯೋ ಆಟ ಲೋಕಕ್ಕೆಲ್ಲ ಬಿಡುಗಡಿ ಆಗ್ತೈತಿ. ಒಪ್ಪಿಗಿ ಅಂತ ನಿಮ್ಮ ಹೆಬ್ಬೆಟ್ಟು ಈ ಗಾಜಿನ ಮ್ಯಾಲೆ ಬಿದ್ರ ಯರ್ರಿಸ್ವಾಮಿ ಅದರಾಗ ಇರ್ತಾನ. ಬ್ಯಾಡ ಅಂದ್ರಿ, ತೆಗೆಸ್ತೀನಿ. ಕಂಪನಿ ಮಂದಿ ಬಾಯಿ ಬಡ್ಕೊಳ್ಳಿ, ತೆಗೆಸ್ತೀನಿ.

ಇನ್ನೂ ಒಂದೂವರಿ ತಾಸು ಐತಿ. ಈ ಜಾಲಿ ನೆರಳಾಗ ನಿಲ್ಸ್ತೀನಿ, ಎಂಜಿನ್ನೂ ತಣ್ಣಗಾಗ್ಲಿ. ನೀವು ನೀರು ಕುಡೀರಿ… ಬ್ಯಾಡಾ? ಆಟದ ಪೆಟ್ಟಿಗಿ ಬೇಕಾ. ತಗೋಳ್ರಿ, ತಗೋಳ್ರಿ. ನಿಮಗ ಅಂತ ತಂದದ್ದು.

ನಮ್ಮವ್ವ ಸುವರ್ಣಮ್ಮಗ ನನ್ನ ಕೆಲಸ ಇವತ್ತಿಗೂ ತಿಳಿದಿಲ್ಲ, ಗೊತ್ತೇನು? "ನಮ್ಮ ಅಕ್ಷತಾ ದೇಶದೇಶ ತಿರುಗಿ ಮಂದಿ ನಡಿಗಿ ಕದೀತಾಳ" ಅಂತ ಓಣ್ಯಾಗ ಹೇಳ್ತಾಳ. ತಪ್ಪೇನೂ ಇಲ್ಲ. ಆಟದಾಗಿನ ಗೊಂಬಿ ನಡೀಬೇಕಂದ್ರ ಮೊದಲು ಯಾರೋ ಒಬ್ಬ ಮನಿಷಾ ನಿಜವಾಗಿ ನಡೀಬೇಕು. ಕರಿ ಅಂಗಿ ತೊಡಿಸಿ, ಮೈತುಂಬ ಬಿಳಿ ಗುಂಡು ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು ನಡಿಸ್ತೀವಿ. ಆ ಗುಂಡು ಎತ್ತೆತ್ತ ಹೋದವು ಅನ್ನೋದಷ್ಟ ಕಂಪ್ಯೂಟರಿಗೆ ಬೇಕು. ಮುಖ ಬ್ಯಾಡ, ಬಣ್ಣ ಬ್ಯಾಡ, ಹೆಸರು ಬ್ಯಾಡ. ಬೂಸಾನ್ ಬಂದರಿನಾಗ ಮೀನಿನ ಪೆಟ್ಟಿಗಿ ಎಳೆಯೋ ಮುದುಕಿ ಸೊಂಟ ತಂದೀನಿ. ಕೈರೋದಾಗ ರೊಟ್ಟಿ ಹಲಗಿ ತಲಿ ಮ್ಯಾಲೆ ಇಟ್ಕೊಂಡು ಸೈಕಲ್ ಹೊಡಿಯೋನ ಕುತ್ತಿಗಿ ತಂದೀನಿ. ಆದ್ರ ಗೋಡಿ ಏರೋ ಕಳ್ಳ ಬೇಕು ಅಂದಾಗ… ಎಲ್ಲೆಲ್ಲೋ ಹುಡುಕಿ, ಕಡಿಗೆ ನಮ್ಮ ಸಿರುಗುಪ್ಪದಾಗ, ಅಕ್ಕಿ ಮಿಲ್ಲಿನಾಗ ಸಿಕ್ಕ. ಬೆನ್ನಮ್ಯಾಲೆ ಎಪ್ಪತ್ತೈದು ಕೇಜಿ, ಕೈಯಾಗ ಕೊಕ್ಕೆ, ಮೇಲಕ್ಕ ಆನಿಸಿದ ಒಂದು ಗೇಣಗಲ ಹಲಗಿ. ಮದವಿ ಮೆರವಣಿಗ್ಯಾಗ ಹೊಂಟಂಗ ಏರ್ತಿದ್ದ. ತುದ್ಯಾಗ ಹೆಗಲು ತಿರುವಿ ಚೀಲ ಒಗದು, ಆ ಕಡಿಂದ ಜಿಗೀತಿದ್ದ.

ನೋಡ್ರಿ, ಇದರಾಗ ಅವನ ಮುಖ ಇಲ್ಲ. ಉದ್ದ ಮೂಗು, ಹಸರು ಕಣ್ಣು, ನೀಲಿ ಮುಸುಕು. ಯಾವ ದೇಶದಾಂವನೂ ಅಲ್ಲ. ಮುಂಜಾನಿ ನಾನು ಬಾಯಿ ಬಿಟ್ಟು ಹೇಳೋಕಿಂತ ಮೊದಲ ನೀವು ಸೆರಗು ಬಾಯಿಗೆ ಹಿಡಿದ್ರಿ. ಮೂರ ಹೆಜ್ಜಿಗೆ ಗುರುತು ಹಿಡಿದ್ರಿ.

ಊಹ್ಞೂಂ, ಹಂಗಲ್ಲ. ಎಡಗೈ ಹೆಬ್ಬೆಟ್ಟು ಎಡಕ್ಕ ಎಲ್ಲಿ ಇಟ್ರೂ ಆತು, ಅಲ್ಲೆ ಒಂದು ಗಾಲಿ ಮೂಡ್ತೈತಿ, ಅದನ್ನ ದೂಡಿದ ಕಡಿಗೆ ನಡೀತಾನ. ಬಲಗೈಲೆ ಬಡದ್ರ ಕೊಕ್ಕೆ ಬೀಸ್ತಾನ. ಮೇಲಕ್ಕ ಗೀರಿದ್ರ ಜಿಗೀತಾನ. ನಿಮ್ಮ ತೋರಬೆರಳಿಗೆ ಗಾಜು ಓಗೊಡವಲ್ದು… ಹದಿನೆಂಟು ವರ್ಷ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿದ ಬೆರಳಲ್ಲೇನು, ಸವದೈತಿ. ರೇಷನ್ ಅಂಗಡಿ ಯಂತ್ರಾನೂ ಹಿಂಗ ಮಾಡ್ತೈತಾ? ಕಿರಿಬೆರಳಿಂದ ನೋಡ್ರಿ. ಹ್ಞಾಂ. ಅದಕ್ಕ ತಿಳೀತು.

ನನಗ ಹೆಂಗನಸ್ತು ಅಂತ ಕಂಪನಿಯವರು ಕೇಳಿದ್ರು. ಮೊನ್ನೆ ಎರಡು ಪುಟ ಬರದು ಕಳಿಸಿದೆ. ಗುಂಡಿ ಇದ್ದ ಹಳೇ ಪೆಟ್ಟಿಗೀ ಸುಖ ಇದರಾಗಿಲ್ಲ ಅಂದೆ. ಗುಂಡಿ ಬೆರಳಿಗೆ ಹೇಳ್ತೈತಿ, ನಾ ಇಲ್ಲೇ ಅದೀನಿ, ಒತ್ತು ಅಂತ. ಗಾಜು ಏನೂ ಹೇಳಂಗಿಲ್ಲ. ತಗ್ಗಿಲ್ಲ, ದಿಣ್ಣಿಲ್ಲ, ನುಣ್ಣಗ ಸುಮ್ನ ಇರ್ತೈತಿ. ನೋಡ್ಕೋತ ಒತ್ತಬೇಕು, ಒತ್ತಿದ್ರ ಬೆರಳ ಅವನ ಮ್ಯಾಲೆ ಕುಂತು ಅವನೇ ಕಾಣಂಗಿಲ್ಲ. ಬೆವರಿದ್ರಂತೂ ಮುಗೀತು, ಹೊಡಿ ಅಂದ್ರ ಜಿಗೀತಾನ, ಜಿಗಿ ಅಂದ್ರ ನಿಂತು ನೋಡ್ತಾನ. ನಮ್ಮ ಬಳ್ಳಾರಿ ಬಿಸಿಲಿಗೆ ಇದು ಆಟ ಅಲ್ಲ, ಶಿಕ್ಷಾ. ಆದ್ರ ಹಲಗಿ ಏರೋದು ಬಂತಲ್ಲ, ಅದು ಬ್ಯಾರೆ. ಎರಡು ಬೆರಳು ಒತ್ತಿಹಿಡಿದು ನಿಧಾನ ಮೇಲಕ್ಕ ಎಳೀರಿ… ಕಂಡಿತಾ? ಅವನ ಕಾಲು ಹಲಗಿ ಹುಡುಕೋದು ನಿಮ್ಮ ಬೆರಳಿಗೆ ತಿಳೀತೈತಿ. ಬೆರಳಿಗೇ ಭಾರ ಬಂದಂಗ ಆಗ್ತೈತಿ. ಇಂಥಾದ್ದು ನಾನು ಯಾವ ಆಟದಾಗೂ ನೋಡಿಲ್ಲ. ಹಂಗ ಬರದೆ. ಓದಿ ಅವರು ಖುಷಿ ಆದ್ರು.

ಒಂದು ಬರೀಲಿಲ್ಲ. ರಾತ್ರಿ ಕಣ್ಣು ಮುಚ್ಚಿದ್ರ ಹೆಬ್ಬೆಟ್ಟು ತಾನ ಅಲ್ಲಾಡ್ತೈತಿ. ಹೋಟೆಲ್ಲಿನ ಕಾರಿಡಾರಿನಾಗ ಯಾರರ ಸೂಟ್‌ಕೇಸ್ ಎಳಕೊಂಡು ಹೊಂಟ್ರ ಆ ನಡಿಗಿ ಕೇಳಿಸ್ತೈತಿ. ಯರ್ರಿಸ್ವಾಮಿ ಹೆಜ್ಜಿ ಸಪ್ಪಳ ಆಗ್ತಿರ್ಲಿಲ್ಲಲ್ಲ, ಅಂಗಾಲು ಪೂರಾ ಊರ್ತಿದ್ದ. ಆ ಸಪ್ಪಳ ಇಲ್ಲದ್ದ ಕೇಳಿಸ್ತೈತಿ ನನಗ.

ಸಾವಕಾಶ. ಅಂಚಿಗೆ ಒಯ್ಯಬ್ಯಾಡ್ರಿ. ಇಲ್ಲಿ ಕೊಡ್ರಿ, ಈ ಜಿಗಿತ ನಾ ದಾಟಿಸ್ತೀನಿ… ಆತು ನೋಡ್ರಿ. ಈಗ ಆಡ್ರಿ. ಈ ಅಂಗಳ ನಿರಾಳ, ಬೇಕಾದಂಗ ಓಡಾಡಿಸ್ರಿ. ಕಾವಲುಗಾರ ಬಂದ, ಬಡೀರಿ. ಬಡದ್ರಿ. ಪಾಲಯ್ಯನ ನೆನಸ್ಕೊಂಡು ಬಡದಂಗಿತ್ತು ಅದು… ಈಗ ನಕ್ರಿ. ಈಗ ಖರೇ ನಕ್ರಿ, ಸುಳ್ಳು ಹೇಳಬ್ಯಾಡ್ರಿ.

ಮತ್ತ ಹಲಗಿ ಬಂತು. ಕೊಡ್ರಿ ಇಲ್ಲಿ. ಕೊಡ್ರಿ ಅಂದೆ.

ಯಾಕ ಹಂಗ ನೋಡ್ತೀರಿ ನನ್ನ? ಹೊಸಬರಿಗೆ ಆ ಜಿಗಿತ ಒಲ್ಲೆ ಅಂತೈತಿ, ಸುಮ್ನ ಬೇಜಾರು, ಅದಕ್ಕ. ನಾನೂ ಎಷ್ಟು ಸಲ… ಇಲ್ಲ, ನಾನು ಅಲ್ಲಿ ಒಂದು ಸಲಾನೂ ಬಿದ್ದಿಲ್ಲ. ಬೀಳದಂಗ ಆಡ್ತೀನಿ. ಹುಷಾರಿಂದ ಆಡ್ತೀನಿ, ಅಷ್ಟ. ಕಸ್ಕೋಬ್ಯಾಡ್ರಿ. ಆತು ಆತು, ಆಡ್ರಿ. ಕಿಟಕಿ ಕಡಿ ತಿರುಗಿ ಕುಂತ್ರ ನನಗೇನು ಕಾಣಂಗಿಲ್ಲೇನು?

…ಬಿದ್ದ.

ಬಿಡ್ರಿ, ಎಲ್ಲಾರೂ ಬೀಳ್ತಾರ. ಮೂರು ಎಣಿಸ್ರಿ, ಹಲಗಿ ಬುಡದಾಗ ಎದ್ದು ನಿಂತಿರ್ತಾನ. ಕಂಡ್ರಿ? ಈ ಆಟದಾಗ ಸಾವು ಭಾಳ ಸೋವಿ. ಏರಿಸ್ರಿ. ತುದ್ಯಾಗ ಬಂದ ಕೂಡಲೆ ಬೆರಳು ಮೇಲಕ್ಕ… ಮೇಲಕ್ಕ ಗೀರಬೇಕು, ಜಡೆಮ್ಮ. ಗೀರ್ಲಿಲ್ಲ ನೀವು. ಹಂಗ ನಡಿಸಿದ್ರಿ.

ಮತ್ತ ಬಿದ್ದ.

ಬೇಕಂತ ಬೀಳಸಾಕತ್ತೀರಿ. ಯಾಕ? … ಅದು ಅವ ಅಲ್ರಿ. ನಡೆಯೋದು ಅವಂದು, ಏರೋದು ಅವಂದು. ಬೀಳೋದು ಕಂಪ್ಯೂಟರ್ ಮಾಡಿದ್ದು. ಬೀಳೋದನ್ನ ಯಾರೂ ಖರೇ ಬಿದ್ದು ತೋರಸಂಗಿಲ್ಲ, ಯಂತ್ರಾನ ಲೆಕ್ಕ ಹಾಕಿ… ಮೂರನೇ ಸಲ. ಸಾಕು, ಬಂದ್ ಮಾಡ್ರಿ. ಚಾರ್ಜು ತೀರ್ತೈತಿ.

ಏನು ತೋರಸಾಕತ್ತೀರಿ? ಅವನ ಬೆನ್ನು. ಹೌದು, ಬೆನ್ನಮ್ಯಾಲೆ ಚೀಲ ಐತಿ. ಅರಮನ್ಯಾಗ ಕದ್ದ ಬಂಗಾರದ ಚೀಲ ಅದು. ಭಾರೀ ಚೀಲ. ಊಹ್ಞೂಂ ಅಂತ ಯಾಕ ತಲಿ ಅಲ್ಲಾಡಸ್ತೀರಿ? ಚೀಲ ಕಣ್ಣಿಗೆ ಕಾಣ್ತೈತಲ್ಲ…

ನಾಕು.

ಜಡೆಮ್ಮ. ಅವನ್ನ ಎಬ್ಬಿಸಿ ಎಬ್ಬಿಸಿ ಕೆಡವಬ್ಯಾಡ್ರಿ.

ಆತು. ಕಾಣ್ತೈತಿ ನಿಮಗ. ಅಮೇರಿಕಾದಾಗ ಕುಂತ ಇನ್ನೂರು ಮಂದಿ ಎರಡು ವರ್ಷ ನೋಡ್ಯಾರ, ಒಬ್ಬನಿಗೂ ಕಾಣ್ಲಿಲ್ಲ. "ಎಷ್ಟು ಖರೇ ಬಿದ್ದಂಗೈತಿ" ಅಂತ ಚಪ್ಪಾಳಿ ಬಡದ್ರು. ನಿಮಗ ನಾಕ ಸಲಕ್ಕ ಕಂಡ್ತು. ಚೀಲದಾಗ ಭಾರ ಇದ್ದವ ಹಿಂಗ ಬೀಳಂಗಿಲ್ಲ. ಭಾರ ಇದ್ರ ಚೀಲ ಹಿಂದಕ್ಕ ಜಗ್ಗತೈತಿ, ಅಥವಾ ಮಂಡಿ ಕುಸೀತೈತಿ, ಚೀಲದ ಕೆಳಗ ಕುಂತಂಗ ಬೀಳ್ತಾನ. ಇವ ಮುಂದಕ್ಕ ಹೋಗ್ಯಾನ, ಬಾಗಲಾ ದೂಡಾಕ ಹೋದ್ರ ಬಾಗಲಾ ಮೊದಲ ತೆರದಿತ್ತು ಅನ್ನುವಂಗ.

ಚೀಲದಾಗ ಅಕ್ಕಿ ಇರ್ಲಿಲ್ಲ. ಥರ್ಮಾಕೋಲ್ ಇತ್ತು.

ಕುರುಗೋಡು ರಸ್ತ್ಯಾಗ ಖಾಲಿ ಗೋದಾಮು ಹಿಡಿದಿದ್ವಿ, ಆಯ್ತವಾರ. ಹಲಗಿ ಹಾಕ್ಸಿದ್ವಿ, ನಿಮ್ಮ ಮಿಲ್ಲಿಂದ ತಂದ ಹಲಗೀನ. ಮೊದಲು ಖರೇ ಚೀಲ ಹೊರಿಸಿದ್ವಿ. ಎಂಟು ಸಲ ಏರಿದ, ಎಂಟು ಸಲಾನೂ ಹೂವಿನಂಗ. ಆದ್ರ ತುಂಬಿದ ಚೀಲ ಬೆನ್ನಿಗೆ ಅಪ್ಪಿಕೊಂಡು ಹೆಗಲ ಮ್ಯಾಲಿನ ಬಿಳಿ ಗುಂಡೆಲ್ಲ ಮುಚ್ಚಿಬಿಡ್ತಿತ್ತು, ಕ್ಯಾಮೆರಾಕ್ಕ ಕಾಣ್ತಿರ್ಲಿಲ್ಲ. ನಾನ ಅಂದೆ, ಹಗುರ ಚೀಲ ಮಾಡೋಣ, ಸಣ್ಣಗ ಹೊಲಿಯೋಣ ಅಂತ. ಅವ ಏನಂದ ಗೊತ್ತೇನು? "ಅಕ್ಷತಕ್ಕ, ಚೀಲ ಬೆನ್ನಿಗೆ ಮುಟ್ಟಿದ ಕೂಡಲೆ ಮೈ ತಾನ ಬಗ್ಗತೈತಿ, ಭಾರ ಐತೋ ಇಲ್ಲೋ ಕೇಳಂಗಿಲ್ಲ. ಬರಿಗೈಲಿ ಬೇಕಾದ್ರ ಓಡ್ತೀನಿ. ಹುಸಿ ಚೀಲ ಬ್ಯಾಡ." ನಾನು ನಕ್ಕೆ. ಎಪ್ಪತ್ತೈದು ಕೇಜಿ ಹೊರಾಂವ ಎರಡು ಕೇಜಿಗೆ ಅಂಜತೀಯಾ ಅಂದೆ. ಹಮಾಲಿಗೆ ಹಂಗ ಅಂದ್ರ ಏನಾಗ್ತೈತಿ, ನಿಮಗ ಹೇಳಬೇಕಾ.

ಹೊತ್ತ. ತುದ್ಯಾಗ ಹೋಗಿ ಹೆಗಲು ತಿರುವಿದ. ಇಪ್ಪತ್ತು ವರ್ಷ ಭಾರ ಒಗದ ಹೆಗಲು, ಅಷ್ಟ ಬಲಾ ಹಾಕ್ತು. ಅಲ್ಲಿ ಭಾರ ಇರ್ಲಿಲ್ಲ. ಮೈ ಹೋತು ಮುಂದಕ್ಕ. ಕಿವಿ ಹಿಂದ, ಇಲ್ಲಿ, ನೆಲಕ್ಕ ಬಡೀತು. ಸಪ್ಪಳ ಆತು.

ಎದ್ದ. ಎದ್ದು ಕುಂತು, "ಹೇಳಿದ್ನಲ್ಲಕ್ಕ" ಅಂತ ನಕ್ಕ. ನೀರು ಕುಡಿದ. ಅಕ್ಕಪಕ್ಕದವರೂ ನಕ್ರು. ನಾನು ಕ್ಯಾಮೆರಾ ನೋಡಿದೆ, ಗುಂಡೆಲ್ಲ ಚಲೋ ಕಂಡಿದ್ವು, ಆಟದಾಗ ಬೀಳೋದು ಅದೇ. ಇನ್ನೊಂದು ಸಲ ಅಂದೆ. ಇನ್ನೊಂದು ಸಲ ಏರಿದ.

ಇಷ್ಟ. ಸಂಜಿಗೆ ಊಟ ಮಾಡಿ ಬಸ್ ಹತ್ತಿ ಹೋದ. ಮನಿಗೆ ಬಂದು ನಿಮಗೂ ಏನೂ ಹೇಳಿಲ್ಲ, ಅಲ್ಲ? ಬಿದ್ದೆ ಅಂದ್ರ ಮಾನ ಹೋಗ್ತೈತಿ. ಗುರುವಾರ ಮಿಲ್ಲಿನಾಗ ಆದದ್ದು ಬ್ಯಾರೆ. ನಾಕು ದಿನ ಆದಮ್ಯಾಲೆ, ಖರೇ ಚೀಲ, ಖರೇ ಹಲಗಿ. ಅದಕ್ಕೂ ಇದಕ್ಕೂ… ನಾನು ಡಾಕ್ಟರಲ್ಲ. ಎರಡು ವರ್ಷ ನನಗ ನಾನ ಹಂಗ ಹೇಳ್ಕೊಂತ ಬಂದೀನಿ. ಯಾವಾಗ ಕೇಳಿದ್ರೂ ಒಂದ ಉತ್ತರ, ನಾನು ಡಾಕ್ಟರಲ್ಲ.

ಮಾತಾಡ್ರಿ. ಬೈರಿ. ಪಕ್ಕೀರಪ್ಪನ ಎಮ್ಮಿ ಇಷ್ಟೊತ್ತು ನನ್ನ ಮುಖ ನೋಡಿದ್ರ ಅದಾದ್ರೂ ಒಂದು ಸಲ ಉಸಿರು ಬಿಡ್ತಿತ್ತು.

ಪೆಟ್ಟಿಗಿ ಬದೀಗೆ ಇಟ್ರಿ. ಕೈ ಮಡಚಿ ಕುಂತ್ರಿ. ನಿಮಗ ಇನ್ನೂ ಐತಿ ಅಂತ ಗೊತ್ತಾಗೈತಿ. ಹೆಂಗ ಗೊತ್ತಾಗ್ತೈತಿ ನಿಮಗ? ಚೀಲದ ಬಾಯಿ ಹೊಲಿಯೋ ಮುಂದ ಕೈಯಿಂದ ಎತ್ತಿ ನೋಡಿದ್ರ ಎರಡು ಸೇರು ಕಡಿಮಿ ಐತಿ ಅಂತ ಹೇಳ್ತಿದ್ರಂತ ನೀವು, ಯರ್ರಿಸ್ವಾಮಿ ಹೇಳಿದ್ದ. "ನಮ್ಮಾಕೀಗೆ ತಕ್ಕಡಿ ಬ್ಯಾಡಕ್ಕ."

ಐತಿ. ಇನ್ನೂ ಐತಿ.

ಬುಧವಾರ ಅವ ಒಂದು ಮಾತು ಕಳಿಸಿದ್ದ. ಫೋನಿಗೆ, ಅವನ ಧ್ವನಿ. ಫೋನು ಮೂರು ಬದಲಾಯಿಸೀನಿ, ಇದನ್ನ ಮಾತ್ರ ಒಂದರಿಂದ ಒಂದಕ್ಕ ಹೊತ್ಕೊಂಡು ಬಂದೀನಿ. ಕೇಳ್ತೀರಾ? ಗಟ್ಟಿ ಇಡ್ಲಾ? … ಕೇಳ್ರಿ.

"ಅಕ್ಷತಕ್ಕ, ನಗಬ್ಯಾಡ್ರಿ. ನಿನ್ನಿಯಿಂದ ಹಲಗಿ ಎರಡಾಗಿ ಕಾಣಾಕತ್ತೈತಿ. ಯಾವುದರ ಮ್ಯಾಲೆ ಕಾಲಿಡ್ಲಿ ಅಂತ ತಿಳೀವಲ್ದು. ಅವತ್ತು ಬಿದ್ದದ್ದಕ್ಕ ಏನರ ಇರಬೋದಾ? ಮನ್ಯಾಗ ಹೇಳಿಲ್ಲ, ಆಕಿ ಅಂಜತಾಳ. ದೊಡ್ಡ ಊರು ನೋಡೀರಿ, ನಿಮಗ ತಿಳೀತೈತಿ ಅಂತ ಕೇಳಿದೆ."

…ಮತ್ತೊಮ್ಮಿ ಹಚ್ಚಲಾ? ಆತು. ಆತು, ಸಾಕು. ನೀವು ಅಳ್ರಿ, ನಾನು ಹೊರಗ ನೋಡ್ತೀನಿ.

ಏನ್ ಉತ್ತರ ಕೊಟ್ಟೆ ಅಂತ ಕೇಳವಲ್ರಿ. ಕೇಳ್ರಲ್ಲ. ಕೇಳಿದ್ರ ಏನರ ಒಂದು ಕಟ್ಟಿ ಹೇಳಬೋದಿತ್ತು, ಕಟ್ಟೋದು ನನಗ ಸಲೀಸು.

ವಿಮಾನಕ್ಕ ಸಾಲಿನಾಗ ನಿಂತಿದ್ದೆ. ಕೈಯಾಗ ಎರಡು ಚೀಲ. ಅರ್ಧ ಕೇಳಿದೆ, ಪೂರಾ ಕೇಳ್ಲಿಲ್ಲ. ನಗಬ್ಯಾಡ್ರಿ ಅಂದಿದ್ದ… ನಗೋ ಮುಖದ ಗೊಂಬಿ ಒಂದು ಇರ್ತೈತಲ್ಲ, ಹಳದಿದು, ಕಣ್ಣಾಗ ನೀರು ಬರೋವಂಗ ನಗೋದು. ಅದನ್ನ ಒತ್ತಿದೆ. ಹೆಬ್ಬೆಟ್ಟಿಲೆ ಗಾಜು ಒಂದು ಸಲ ಮುಟ್ಟಿದ್ದು, ಅಷ್ಟ. ದೊಡ್ಡ ಊರು ನೋಡಿದಾಕಿ ನಕ್ಕಳಂದ್ರ ಏನೂ ಇರ್ಲಿಕ್ಕಿಲ್ಲ ಅಂತ ತಿಳ್ಕೊಂಡಿರಬೇಕು. ಮರುದಿನ ಚೀಲ ಹೊತ್ತ. ಎರಡು ಹಲಗ್ಯಾಗ ಒಂದರ ಮ್ಯಾಲೆ ಕಾಲಿಟ್ಟ.

ನನಗ ಗೊತ್ತಿತ್ತು, ಜಡೆಮ್ಮ. ಮಧ್ಯಾಹ್ನ ನೀವು ಕೇಳಿದಾಗ ಗೊತ್ತಿತ್ತು. ಇಸ್ತಾಂಬುಲ್‌ದಾಗ ಪಾಲಯ್ಯನ ಫೋನು ಬಂದಾಗ್ಲೇ ಗೊತ್ತಿತ್ತು. ಕುಡಿದಿದ್ನಂತ ಅಂತ ಅವ ಅಂದಾಗ ನನಗ, ದೇವರಾಣಿ, ಎದಿ ಹಗುರ ಆತು. ಹೌದೇನೋ ಅಂದೆ.

ಯಾಕ ಕೀಲಿ ಕಡಿ ಕೈ ಮಾಡ್ತೀರಿ. ಹೊರಡೋಣ ಅಂತೀರಾ? ಎಲ್ಲಿಗೆ, ಬಳ್ಳಾರಿಗೆ… ಮಿಲ್ಲಿಗೆ. ಈಗೂ ಮಿಲ್ಲಿಗೆ. ಆತು. ಸೇತುವಿ ದಾಟಿ ಬಲಕ್ಕ, ಅಲ್ಲ? ಎಡಕ್ಕಾ. ಎಮ್ಮಿ ಯಜಮಾನನ ಬಾಯಿ ಖರೇ, ಕೈ ಸುಳ್ಳು. ಕೈ ತೋರಸ್ಕೋತ ಬರ್ರಿ, ನೀವು ತೋರಿಸಿದಂಗ ಹೊಡೀತೀನಿ.

ನಿಲ್ಸ್ಲಾ? ಇದೇ ಮಿಲ್ಲಿನ ಗೇಟು. ಇಳೀರಿ, ಆ ಬಾಗಲಾ ಗಟ್ಟಿ, ಒಳಗಿಂದ ದೂಡ್ರಿ.

ನಮಸ್ಕಾರ ಪಾಲಯ್ಯ. ಎಲ್ಲಾರೂ ಅದೀರಲ್ಲ? ಅಂಜಿನೇಯ, ಚಹಾ ಕುಡೀರಿ, ಬಿಡಬ್ಯಾಡ್ರಿ, ಆರಿ ಹೋಗ್ತೈತಿ. ನನಗ ಬ್ಯಾಡ. ಹೆಬ್ಬೆಟ್ಟಿನ ಮಾತು ಇವತ್ತಿಲ್ಲ. ಆಟದಾಗ ಅವನ್ನ ಇಟ್ಕೋಬೇಕೋ ಬಿಡಬೇಕೋ ಆಕಿ ಯಾವಾಗ ಹೇಳಿದ್ರ ಆವಾಗ. ಸೋಮವಾರ ಅನ್ನೋದು ಕಂಪನಿಯವರ ಪಂಚಾಂಗ, ನಮ್ಮದಲ್ಲ.

ಜಡೆಮ್ಮ, ನೀವು ಕುಂದ್ರಿ. ನಿಂತು ಹೇಳೋದು ನನ್ನ ಪಾಳಿ.

ಎರಡು ವರ್ಷದಿಂದ ಈ ಮಾತು ನಿಮಗೆಲ್ಲ ಕೊಡೋದಿತ್ತು. ಆಕಿಗೆ ಈಗಷ್ಟ ಕೊಟ್ಟೆ, ಕಾಲುವಿ ದಂಡ್ಯಾಗ. ಅಲ್ಲಿ ಕೊಟ್ರ ಮುಟ್ಟಿದಂಗಲ್ಲ, ಇಲ್ಲಿ ಕೊಡಬೇಕು, ಅವನ ಹೆಸರು ನೀವು ಎಲ್ಲಿ ಕೆಡಿಸಿದ್ರೋ ಅಲ್ಲಿ. ಇಲ್ಲ, ಪಾಲಯ್ಯ, ನೀವಲ್ಲ ಕೆಡಿಸಿದ್ದು. ಕೂಡ್ರಿ. ನಡುವ ಬಾಯಿ ಹಾಕಬ್ಯಾಡ್ರಿ, ನಿಂತ್ರ ಮತ್ತ ಶುರು ಮಾಡಾಕ ನನ್ನಿಂದ ಆಗಂಗಿಲ್ಲ.

ಯರ್ರಿಸ್ವಾಮಿ ಅವತ್ತು ಕುಡಿದಿರ್ಲಿಲ್ಲ. ಹಲಗಿ ಮ್ಯಾಲೆ ಅವನ ಕಾಲು ತಪ್ಪಿದ್ದು ಗುರುವಾರ ಅಲ್ಲ, ಅದಕ್ಕ ನಾಕು ದಿನ ಮೊದಲು, ನನ್ನ ಗೋದಾಮಿನಾಗ, ಅವ ಬ್ಯಾಡ ಅಂದ ಚೀಲ ಹೊತ್ತು. ಹೊರಿಸಿದಾಕಿ ನಾನು.